ಹಳೆಯ ಕಬ್ಬಿಣದ ಸ್ಟೀಮರ್ ಬದುಕಿಡೀ ಏನು ಮಾಡಿತು? ಲೆಕ್ಕ ತೆಗೆಯುವ ದಾರಿ

ಜಾನ್ ಬೋವ್ಸ್ ಅಂತ ಒಂದು ಹಡಗು ಇತ್ತು. ಇಂಗ್ಲೆಂಡಿನ ಟೈನ್ ನದಿಯ ದಡದಲ್ಲಿ, ಜಾರೋ ಎಂಬ ಊರಿನಲ್ಲಿ ಪಾಮರ್ ಸಹೋದರರು ಕಟ್ಟಿದ್ದು. 1852ರ ಜೂನ್ 30ರಂದು ನೀರಿಗಿಳಿಯಿತು. 1933ರ ಅಕ್ಟೋಬರಿನಲ್ಲಿ ಸ್ಪೇನಿನ ಉತ್ತರ ಕರಾವಳಿಯ ರಿಬಾದೆಸೆಯಾ ಹತ್ತಿರ, ಹೊಟ್ಟೆ ತುಂಬ ಕಬ್ಬಿಣದ ಅದಿರು ತುಂಬಿಕೊಂಡು ಹೋಗುವಾಗ ಒಳಗೆ ನೀರು ನುಗ್ಗಿ ಮುಳುಗಿತು. ಆಗ ಅದರ ಹೆಸರು ವಿಯಾ ಸೆಲ್ಗಾಸ್. ಇಷ್ಟು ವಿಷಯ ಹುಡುಕಿದರೆ ಹತ್ತು ನಿಮಿಷದಲ್ಲಿ ಸಿಗುತ್ತದೆ. ಆದರೆ ಮಧ್ಯದ 81 ವರ್ಷ ಅದು ಏನು ಮಾಡುತ್ತಿತ್ತು? ಯಾವ ಬಂದರಿನಿಂದ ಏನು ಹೊತ್ತಿತು? ಬಾಯ್ಲರಿಗೆ ಕಲ್ಲಿದ್ದಲು ಎಸೆದವರು ಯಾರು, ಅವರ ಸಂಬಳ ಎಷ್ಟು?

ನಾನು 34 ವರ್ಷ ಹಡಗಿನ ಎಂಜಿನ್ ರೂಮಿನಲ್ಲಿ ಇದ್ದವನು. ಈಗ ನಿವೃತ್ತಿಯಾಗಿ ಸುರತ್ಕಲ್‌ನಲ್ಲಿ ಕೂತಿದ್ದೇನೆ. ಆರು ವರ್ಷದಿಂದ ಇದೇ ಗೀಳು. "ಇವರು ಸಮುದ್ರ ಬಿಟ್ಟರು, ಹಡಗು ಬಿಡಲಿಲ್ಲ" ಅಂತ ಮನೆಯವಳು ಬಂದವರಿಗೆಲ್ಲ ಹೇಳುತ್ತಾಳೆ. ವಿಕ್ಟೋರಿಯಾ ರಾಣಿಯ ಕಾಲದ ಸರಕು ಸ್ಟೀಮರುಗಳ ಬಗ್ಗೆ ಯಾರೂ ಡೈರಿ ಬರೆಯಲಿಲ್ಲ. ಆದರೆ ಬ್ರಿಟಿಷರು ಕಾಗದ ಬಿಸಾಡುವ ಜನ ಅಲ್ಲ. ಆ ಕಾಗದ ಹುಡುಕುವುದು ಹೇಗೆ, ಓದುವುದು ಹೇಗೆ ಅನ್ನೋದನ್ನು ಇಲ್ಲಿ ಹೇಳುತ್ತೇನೆ. ಮನೆಯಲ್ಲಿ ಕೂತೇ ಮುಕ್ಕಾಲು ಪಾಲು ಕೆಲಸ ಆಗುತ್ತದೆ.

ಹೆಸರಿನ ಹಿಂದೆ ಹೋಗಬೇಡಿ

ಮೊದಲ ತಪ್ಪು ನಾನೇ ಮಾಡಿದೆ. ಒಂದು ಸ್ಟೀಮರಿನ ಹೆಸರು ಹಿಡಿದು ನಾಲ್ಕು ತಿಂಗಳು ಓಡಿದೆ. ನೋಟ್‌ಬುಕ್ಕಿನಲ್ಲಿ ಅರವತ್ತು ಪ್ರಯಾಣ ಬರೆದಾಗಿತ್ತು. ಒಂದು ದಿನ ನೋಡಿದರೆ, ಹಡಗು ಮಂಗಳವಾರ ಕಾರ್ಡಿಫ್‌ನಲ್ಲಿದೆ, ಬುಧವಾರ ಬಾಲ್ಟಿಕ್ ಸಮುದ್ರದಲ್ಲಿದೆ! ಒಂದೇ ಹೆಸರಿನ ಎರಡು ಹಡಗುಗಳನ್ನು ನಾನು ಒಂದೇ ಅಂದುಕೊಂಡು ಬರೆದಿದ್ದೆ. ಎರಡೂ ಕಬ್ಬಿಣದವೇ, ಎರಡೂ ಕಲ್ಲಿದ್ದಲು ಹೊರುವವೇ.

ಹಾಗಾಗಿ ನಂಬರ್ ಹಿಡಿಯಿರಿ. 1854ರ ಮರ್ಚೆಂಟ್ ಶಿಪ್ಪಿಂಗ್ ಕಾಯ್ದೆಯಿಂದ ಬ್ರಿಟಿಷ್ ನೋಂದಣಿಯ ಪ್ರತಿ ಹಡಗಿಗೂ ಒಂದು ಅಫಿಶಿಯಲ್ ನಂಬರ್ ಬಂತು. ಅದನ್ನು ಹಡಗಿನ ಮುಖ್ಯ ತೊಲೆಯ ಮೇಲೆ ಕೆತ್ತಲೇಬೇಕಿತ್ತು. ಮಾಲೀಕ ಬದಲಾದರೂ, ಹೆಸರು ಬದಲಾದರೂ, ಬ್ರಿಟಿಷ್ ಬಾವುಟ ಇರುವವರೆಗೆ ನಂಬರ್ ಅದೇ. ಹಡಗು ಹೋದ ಮೇಲೆ ಆ ನಂಬರನ್ನು ಬೇರೆ ಹಡಗಿಗೆ ಕೊಡುವುದೂ ಇಲ್ಲ. ಹೆಸರಿನಿಂದ ನಂಬರ್ ಹುಡುಕಲು ಕ್ರೂ ಲಿಸ್ಟ್ ಇಂಡೆಕ್ಸ್ ಪ್ರಾಜೆಕ್ಟ್ ಅನ್ನುವ ತಾಣ ಇದೆ. ದುಡ್ಡು ಕೊಡಬೇಕಿಲ್ಲ. ಅಲ್ಲಿ ಒಂದೇ ಹೆಸರಿಗೆ ಹತ್ತು ಹಡಗು ಬಂದರೆ ಗಾಬರಿ ಬೇಡ. ಕಟ್ಟಿದ ವರ್ಷ, ನೋಂದಣಿಯ ಬಂದರು ನೋಡಿ ಸೋಸುತ್ತಾ ಹೋಗಿ. ಈ ಹೊತ್ತಿನಲ್ಲೇ ಹಡಗು ಕಬ್ಬಿಣದ್ದೋ ಉಕ್ಕಿನದ್ದೋ ಅನ್ನೋದನ್ನೂ ಖಚಿತ ಮಾಡಿಕೊಳ್ಳಿ. 1870ರ ದಶಕದ ಕೊನೆಯಿಂದ ಉಕ್ಕು ಬರತೊಡಗಿತು. 1890ರ ಹೊತ್ತಿಗೆ ಹೊಸ ಹಡಗು ಬಹುಪಾಲು ಉಕ್ಕಿನದ್ದೇ.

ಹಡಗು ವಿದೇಶಕ್ಕೆ ಮಾರಾಟ ಆದರೆ ಬ್ರಿಟಿಷ್ ನೋಂದಣಿ ಮುಚ್ಚುತ್ತದೆ. ನಂಬರಿನ ದಾರ ಅಲ್ಲಿಗೆ ಕಡಿಯಿತು. ಅಲ್ಲಿಂದ ಮುಂದೆ ಕಟ್ಟಿದ ವರ್ಷ, ಕಟ್ಟಿದ ಯಾರ್ಡ್, ಉದ್ದ ಅಗಲ, ಈ ಮೂರನ್ನು ಹೊಂದಿಸಿ ಹುಡುಕಬೇಕು. ಜಾನ್ ಬೋವ್ಸ್ ಹೆಸರು ಒಂದಲ್ಲ, ಹಲವು ಸಲ ಬದಲಾಗಿದೆ. ಆದರೆ ಸುಮಾರು 150 ಅಡಿ ಉದ್ದದ, 1852ರಲ್ಲಿ ಜಾರೋದಲ್ಲಿ ಕಟ್ಟಿದ ಕಬ್ಬಿಣದ ಸ್ಟೀಮರು ಸ್ಪೇನಿನಲ್ಲಿ ಇನ್ನೊಂದು ಇರಲಿಕ್ಕಿಲ್ಲ, ಅಲ್ವಾ?

ಲಾಯ್ಡ್ಸ್ ರಿಜಿಸ್ಟರಿನ ಒಂದು ಸಾಲು

ನಂಬರ್ ಸಿಕ್ಕ ಮೇಲೆ ಲಾಯ್ಡ್ಸ್ ರಿಜಿಸ್ಟರ್ ತೆರೆಯಿರಿ. ಹಡಗುಗಳ ವಿವರ ಅಚ್ಚು ಹಾಕಿದ ಪಟ್ಟಿ ಅದು. ವರ್ಷಕ್ಕೊಂದು ಪುಸ್ತಕ. ಹಳೆಯವೆಲ್ಲ ಸ್ಕ್ಯಾನ್ ಆಗಿ ಸಿಗುತ್ತವೆ. ಒಂದು ಎಚ್ಚರ: ಅದರ ವರ್ಷ ಜುಲೈಯಿಂದ ಜೂನ್. ಜನವರಿಯಲ್ಲಿ ಹಡಗು ಮಾರಿದ್ದರೆ ಮುಂದಿನ ಪುಸ್ತಕದಲ್ಲಿ ನೋಡಬೇಕು.

ಒಂದು ಹಡಗಿಗೆ ಒಂದೆರಡು ಸಾಲು, ಅದೂ ಇರುವೆ ಸಾಲಿನಂತಹ ಅಕ್ಷರ. ಎಲ್ಲ ಕಾಲಮ್ ವಿವರಿಸುವುದಿಲ್ಲ. ಮುನ್ನುಡಿಯಲ್ಲೇ ಸಂಕೇತಗಳ ಪಟ್ಟಿ ಇರುತ್ತದೆ. ನಾನು ಎರಡು ಕಡೆ ಮಾತ್ರ ಬೆರಳಿಡುತ್ತೇನೆ. ಜನ ಎಡವುವುದು ಅಲ್ಲೇ.

ಒಂದು, ಟನ್. ಅಲ್ಲಿರುವ ಗ್ರಾಸ್ ಟನ್ ತೂಕ ಅಲ್ಲ, ಜಾಗ. 100 ಘನ ಅಡಿ ಜಾಗಕ್ಕೆ ಒಂದು ಟನ್. ಅದರಲ್ಲಿ ಎಂಜಿನ್ನು, ಬಾಯ್ಲರು, ಜನ ಇರುವ ಜಾಗ ಕಳೆದರೆ ನೆಟ್ ಟನ್. ಬಂದರಿನ ಶುಲ್ಕ ಸಾಮಾನ್ಯವಾಗಿ ನೆಟ್ ಟನ್ ಮೇಲೆ. ಹಡಗು ಹೊರುವ ತೂಕ ಬೇರೆಯೇ. ಸರಕು ಹಡಗಾದರೆ ನಾನು ಗ್ರಾಸ್ ಟನ್ನಿನ ಒಂದೂವರೆ ಪಟ್ಟು ಅಂತ ಮೊದಲ ಅಂದಾಜು ಹಾಕಿಕೊಳ್ಳುತ್ತೇನೆ. ಜಾನ್ ಬೋವ್ಸ್ 437 ಟನ್. ಹೊತ್ತ ಕಲ್ಲಿದ್ದಲು 650 ಟನ್. ಲೆಕ್ಕ ಕೂಡಿಬಂತು.

ಎರಡು, ಎಂಜಿನ್ನಿನ ಗುಟ್ಟಿನ ಬರಹ. 1870ರ ನಂತರದ ಹಡಗುಗಳಲ್ಲಿ ಇಂಥದ್ದೊಂದು ಸಾಲು ಕಾಣುತ್ತದೆ: ಸಿ ಅಕ್ಷರ, ಎರಡು ಸಿಲಿಂಡರ್, 27 ಮತ್ತು 50, ಒಂದು ಅಡ್ಡಗೀಟು, 33, ಆಮೇಲೆ 70 ಪೌಂಡ್. ಸಿ ಅಂದರೆ ಕಾಂಪೌಂಡ್ ಎಂಜಿನ್. ಸಣ್ಣ ಸಿಲಿಂಡರಿನ ಬಾಯಿ 27 ಇಂಚು, ದೊಡ್ಡದರದ್ದು 50. ಪಿಸ್ಟನ್ ಓಡುವ ದೂರ 33 ಇಂಚು. ಉಗಿಯ ಒತ್ತಡ ಚದರ ಇಂಚಿಗೆ 70 ಪೌಂಡ್. ಉಗಿ ಮೊದಲು ಸಣ್ಣದರಲ್ಲಿ ದುಡಿಯುತ್ತದೆ, ಅರ್ಧ ಸುಸ್ತಾಗಿ ಬಂದದ್ದು ದೊಡ್ಡದರಲ್ಲಿ ಮತ್ತೆ ದುಡಿಯುತ್ತದೆ. ಕಬ್ಬಿನ ಗಾಣಕ್ಕೆ ಜಲ್ಲೆಯನ್ನು ಎರಡನೇ ಸಲ ಕೊಡುತ್ತಾರಲ್ಲ, ಹಾಗೆ. ಲಿವರ್‌ಪೂಲಿನ ಆಲ್ಫ್ರೆಡ್ ಹೋಲ್ಟ್ 1866ರಲ್ಲಿ 60 ಪೌಂಡ್ ಒತ್ತಡದ ಕಾಂಪೌಂಡ್ ಎಂಜಿನ್ ಹಾಕಿ ಅಗಮೆಮ್ನಾನ್ ಹಡಗನ್ನು ಚೀನಾಕ್ಕೆ ಓಡಿಸಿದ. ಸೂಯೆಜ್ ಕಾಲುವೆ ಇನ್ನೂ ತೆರೆದಿರಲಿಲ್ಲ, ಆಫ್ರಿಕಾ ಸುತ್ತಿಯೇ ಹೋಗಬೇಕಿತ್ತು. ಅಲ್ಲಿಯವರೆಗೆ ದೂರದ ಸರಕು ಹಾಯಿಹಡಗಿಗೇ ಸೇರಿದ್ದು ಅಂತ ಎಲ್ಲರೂ ತಿಳಿದಿದ್ದರು.

ಅದೇ ಸಾಲಿನಲ್ಲಿ ಎಚ್‌ಪಿ ಅಂತ ಒಂದು ಅಂಕಿ ಇದ್ದರೆ ಅದು ನಾಮಿನಲ್ ಹಾರ್ಸ್‌ಪವರ್. ಸುಮ್ನೆ ಲೆಕ್ಕಕ್ಕೆ ಇಟ್ಟ ಅಂಕಿ. ನಿಜವಾದ ಶಕ್ತಿ ಅದರ ಹಲವು ಪಟ್ಟು. ನನ್ನ ಅಳಿಯ "ಮಾವ, ನನ್ನ ಕಾರೇ ಇದಕ್ಕಿಂತ ಜೋರು" ಅಂದ. ಅವನಿಗೆ ಇದನ್ನು ಅರ್ಥ ಮಾಡಿಸಲು ಒಂದು ಸಂಜೆ ಬೇಕಾಯಿತು.

ಇನ್ನೊಂದು ಸಣ್ಣ ಗುರುತು ಬಿಡಬೇಡಿ. ಎನ್‌ಬಿ ಅಂತ ಬರೆದು ಪಕ್ಕದಲ್ಲಿ ಎರಡಂಕಿಯ ವರ್ಷ ಇದ್ದರೆ, ಆ ವರ್ಷ ಹೊಸ ಬಾಯ್ಲರ್ ಹಾಕಿದರು ಅಂತ. ಎರಡು ಸಲ ಬಾಯ್ಲರ್ ಬದಲಾಗಿದ್ದರೆ ಹಡಗು ಗಟ್ಟಿಯಾಗಿ ದುಡಿದಿದೆ, ಮಾಲೀಕನಿಗೂ ಅದರ ಮೇಲೆ ದುಡ್ಡು ಹಾಕುವ ಧೈರ್ಯ ಇದೆ. ಆ ಕಾಲದ ಕಬ್ಬಿಣದ ಒಡಲು ದಪ್ಪ ತಗಡಿನದ್ದು, ತುಕ್ಕಿಗೆ ಬೇಗ ಸೋಲುವುದಿಲ್ಲ. ಎಂಜಿನ್ನು ಸಾಯುತ್ತದೆ, ಬಾಯ್ಲರು ಸಾಯುತ್ತದೆ, ಒಡಲು ಉಳಿಯುತ್ತದೆ. ಜಾನ್ ಬೋವ್ಸ್‌ನದ್ದೂ ಇದೇ ಕಥೆ.

ಕಲ್ಲಿದ್ದಲಿನ ಲೆಕ್ಕ

ನನಗೆ ಅತಿ ಇಷ್ಟದ ಭಾಗ ಇದು. ಸ್ವಲ್ಪ ಜಾಸ್ತಿ ಬರೆದರೆ ಸಹಿಸಿಕೊಳ್ಳಿ.

ಒಂದು ಸಾಧಾರಣ ಸರಕು ಸ್ಟೀಮರು ನಿಜವಾಗಿ 500 ಹಾರ್ಸ್‌ಪವರ್ ಕೊಡುತ್ತಿತ್ತು ಅಂತ ಇಟ್ಟುಕೊಳ್ಳಿ. ಒಳ್ಳೆಯ ಕಾಂಪೌಂಡ್ ಎಂಜಿನ್ನಿಗೆ ಗಂಟೆಗೆ ಒಂದು ಹಾರ್ಸ್‌ಪವರಿಗೆ ಸುಮಾರು ಎರಡೂಕಾಲು ಪೌಂಡ್ ಕಲ್ಲಿದ್ದಲು. 500 ಗುಣಿಸು ಎರಡೂಕಾಲು ಗುಣಿಸು 24. ದಿನಕ್ಕೆ 27,000 ಪೌಂಡ್. ಬ್ರಿಟಿಷ್ ಟನ್ನಿಗೆ 2,240 ಪೌಂಡ್, ಆದ್ದರಿಂದ 12 ಟನ್. ಕಾಂಪೌಂಡ್ ಬರುವ ಮುಂಚಿನ ಎಂಜಿನ್ನಾದರೆ ಇದರ ಎರಡರಷ್ಟು, 24 ಟನ್. ಇಪ್ಪತ್ತು ದಿನದ ಪ್ರಯಾಣಕ್ಕೆ 240 ಟನ್ ವ್ಯತ್ಯಾಸ. ಆ 240 ಟನ್ ಕೊಳ್ಳುವ ದುಡ್ಡು ಉಳಿಯಿತು, ಅಷ್ಟೇ ಅಲ್ಲ. ಅದನ್ನು ಇಡುತ್ತಿದ್ದ ಜಾಗಕ್ಕೆ ಬಾಡಿಗೆ ಕೊಡುವ ಸರಕು ಬಂತು. ಸ್ಟೀಮರು ಹಾಯಿಹಡಗನ್ನು ದೂರದ ದಾರಿಯಿಂದ ಹೊರಗೆ ಹಾಕಿದ್ದು ವೇಗದಿಂದ ಅಂತ ಜನ ಹೇಳುತ್ತಾರೆ. ನಾನು ಹೇಳುವುದು, ಈ 240 ಟನ್ನಿನಿಂದ.

ಈಗ ಅದೇ 12 ಟನ್ನನ್ನು ಮನುಷ್ಯನ ಬೆನ್ನಿಗೆ ಹಂಚಿ. ದಿನಕ್ಕೆ ನಾಲ್ಕು ಗಂಟೆಯ ಆರು ಪಾಳಿ. ಪಾಳಿಗೆ ಒಬ್ಬ ಫೈರ್‌ಮನ್ ಇದ್ದರೆ ಅವನ ಪಾಲಿಗೆ ಎರಡು ಟನ್. ಸಲಿಕೆಯಲ್ಲಿ ಎತ್ತಿ, ಸಣ್ಣ ಬಾಗಿಲಿನ ಒಳಗೆ, ಬೆಂಕಿಯ ಮೇಲೆ ತೆಳ್ಳಗೆ ಹರಡುವ ಹಾಗೆ ಎಸೆಯಬೇಕು. ಒಂದೇ ಕಡೆ ಗುಡ್ಡೆ ಹಾಕಿದರೆ ಬೆಂಕಿ ಉಸಿರುಗಟ್ಟುತ್ತದೆ. ಬಾಗಿಲು ಜಾಸ್ತಿ ಹೊತ್ತು ತೆರೆದಿಟ್ಟರೆ ತಣ್ಣನೆ ಗಾಳಿ ನುಗ್ಗಿ ಒತ್ತಡ ಇಳಿಯುತ್ತದೆ, ಮೇಲಿನಿಂದ ಎಂಜಿನಿಯರನ ಬೈಗುಳ ಇಳಿಯುತ್ತದೆ. ಮಧ್ಯೆ ಉದ್ದದ ಕಬ್ಬಿಣದ ಸಲಾಕೆ ಹಾಕಿ ಕಿಟ್ಟ ಒಡೆಯಬೇಕು. ಬೂದಿ ಎಳೆದು, ನೀರು ಚಿಮುಕಿಸಿ, ಬಕೆಟ್ಟಿನಲ್ಲಿ ಮೇಲೆತ್ತಿ ಸಮುದ್ರಕ್ಕೆ ಸುರಿಯಬೇಕು. ಕಲ್ಲಿದ್ದಲು ಇಡುವ ಬಂಕರಿನ ಕತ್ತಲೆಯಿಂದ ಅವನ ಕಾಲ ಬುಡಕ್ಕೆ ಕಲ್ಲಿದ್ದಲು ತಳ್ಳಿ ತರುವವನು ಟ್ರಿಮ್ಮರ್. ಸಣ್ಣ ಹಡಗಿನಲ್ಲಿ ಆ ಟ್ರಿಮ್ಮರೂ ಇಲ್ಲ.

ನಾನು ಡೀಸೆಲ್ ಕಾಲದವನು, ಈ ಕೆಲಸ ಮಾಡಿದವನಲ್ಲ. ಆದರೆ ನನ್ನ ಅಜ್ಜ ಮಂಗಳೂರಿನ ಒಂದು ಹಂಚಿನ ಕಾರ್ಖಾನೆಯಲ್ಲಿ ಬಾಯ್ಲರಿಗೆ ಸೌದೆ ಹಾಕುತ್ತಿದ್ದರು. ಅವರ ಬಲಗೈ ಮೇಲೆ ಕೂದಲೇ ಇರಲಿಲ್ಲ. ಹಳೆಯ ಕಾಗದದಲ್ಲಿ ಫೈರ್‌ಮನ್ ಅನ್ನುವ ಪದ ಬಂದಾಗಲೆಲ್ಲ ನನಗೆ ಆ ಕೈ ಕಾಣುತ್ತದೆ.

ಜನರ ಪಟ್ಟಿ

ಹಡಗಿನ ದುಡಿಮೆ ನಿಜವಾಗಿ ಕಾಣುವುದು ಕ್ರೂ ಅಗ್ರಿಮೆಂಟ್ ಎಂಬ ದೊಡ್ಡ ಹಾಳೆಯಲ್ಲಿ. ಕ್ಯಾಪ್ಟನ್ನಿನಿಂದ ಅಡುಗೆಯವನವರೆಗೆ ಪ್ರತಿಯೊಬ್ಬನ ಹೆಸರು, ವಯಸ್ಸು, ಹುಟ್ಟಿದ ಊರು, ಹಿಂದಿನ ಹಡಗು, ಕೆಲಸ, ಸಂಬಳ, ಹತ್ತಿದ ದಿನ, ಇಳಿದ ದಿನ. ಇಳಿದ ಕಾರಣ ಕೂಡ ಇದೆ: ಅವಧಿ ಮುಗಿಯಿತು, ಓಡಿಹೋದ, ಸತ್ತ. ವಾರಕ್ಕೆ ಎಷ್ಟು ಮಾಂಸ, ಎಷ್ಟು ಹಿಟ್ಟು ಕೊಡಬೇಕು ಅನ್ನೋದನ್ನೂ ಅಚ್ಚು ಹಾಕಿರುತ್ತಾರೆ.

ತೊಂದರೆ ಏನೆಂದರೆ, ಈ ಹಾಳೆಗಳು ಒಂದು ಕಡೆ ಇಲ್ಲ. 1861ರ ನಂತರದವುಗಳಲ್ಲಿ ನೂರಕ್ಕೆ ಹತ್ತು ಲಂಡನ್ನಿನ ಕ್ಯೂ ಎಂಬ ಜಾಗದಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ. ಐದರಲ್ಲಿ ಕೊನೆಯಾಗುವ ವರ್ಷಗಳದ್ದು, ಅಂದರೆ 1865, 1875, 1885 ಹೀಗೆ, ಉಳಿದ ಭಾಗ ಗ್ರೀನಿಚ್‌ನ ನ್ಯಾಷನಲ್ ಮಾರಿಟೈಮ್ ಮ್ಯೂಸಿಯಮ್‌ನಲ್ಲಿ. ಮಿಕ್ಕ ವರ್ಷಗಳ ಬಹುಪಾಲು ಎಲ್ಲಿದೆ ಗೊತ್ತಾ? ಕೆನಡಾದ ನ್ಯೂಫೌಂಡ್‌ಲೆಂಡ್‌ನಲ್ಲಿ, ಸೇಂಟ್ ಜಾನ್ಸ್‌ನ ಮೆಮೋರಿಯಲ್ ವಿಶ್ವವಿದ್ಯಾಲಯದಲ್ಲಿ. ಬ್ರಿಟನ್ನಿನಲ್ಲಿ ಇಡಲು ಜಾಗ ಸಾಲದೆ ಎಸೆಯುವ ಮಾತು ಬಂದಾಗ ಅವರು ತರಿಸಿಕೊಂಡರು. ಕೇಳುವಾಗ ಹೆಸರು ಬರೆಯಬೇಡಿ, ಅಫಿಶಿಯಲ್ ನಂಬರ್ ಮತ್ತು ವರ್ಷ ಬರೆಯಿರಿ. ನಾನು ಒಮ್ಮೆ ಒಂದು ಕಚೇರಿಗೆ ದುಡ್ಡು ಕಟ್ಟಿ, ಎರಡು ತಿಂಗಳು ಕಾದು, ಬೇರೆ ಯಾವುದೋ ಹಡಗಿನ ಹಾಳೆ ಪಡೆದೆ. ನಂಬರಿನ ಎರಡು ಅಂಕಿ ಅದಲು ಬದಲಾಗಿತ್ತು. ಅಂದಿನಿಂದ ಪತ್ರದಲ್ಲಿ ನಂಬರನ್ನು ಎರಡು ಸಲ ಬರೆಯುತ್ತೇನೆ.

ಐದರ ವರ್ಷಗಳಿಂದಲೇ ಶುರು ಮಾಡಿ. ಹತ್ತು ವರ್ಷಕ್ಕೊಂದು ಹಾಳೆ ಸಿಕ್ಕರೂ ಹಡಗಿನ ಬದುಕಿನ ಚೌಕಟ್ಟು ನಿಲ್ಲುತ್ತದೆ.

ಕರಾವಳಿ ಹಡಗುಗಳ ಹಾಳೆ ಇನ್ನೂ ಚೆನ್ನ. ದೂರ ಹೋಗುವ ಹಡಗಿಗೆ ಪ್ರಯಾಣಕ್ಕೊಂದು ಒಪ್ಪಂದ. ಹತ್ತಿರದಲ್ಲೇ ಓಡಾಡುವ ಹಡಗಿಗೆ ಆರು ತಿಂಗಳಿಗೊಂದು ಪಟ್ಟಿ, ಜೂನ್ 30ಕ್ಕೆ ಒಂದು, ಡಿಸೆಂಬರ್ 31ಕ್ಕೆ ಒಂದು. ಆ ಪಟ್ಟಿಯಲ್ಲಿ ಆರು ತಿಂಗಳ ಎಲ್ಲ ಪ್ರಯಾಣಗಳನ್ನೂ ಬರೆಯಬೇಕಿತ್ತು. ಕೆಲವು ಕ್ಯಾಪ್ಟನ್ನರು ದಿನಾಂಕ ಸಮೇತ ಅಂದವಾಗಿ ಬರೆದಿದ್ದಾರೆ. ಕೆಲವರು "ಕರಾವಳಿಯಲ್ಲಿ ಓಡಾಟ" ಅಂತ ಒಂದೇ ಸಾಲು ಗೀಚಿ ಕೈ ತೊಳೆದುಕೊಂಡಿದ್ದಾರೆ. ಅಂಥವರ ಮೇಲೆ ನನಗೆ ಈಗಲೂ ಸಿಟ್ಟು.

ಹಡಗು ಪೂರ್ವಕ್ಕೆ ಓಡಿದ್ದರೆ ಲಸ್ಕರರ ಪ್ರತ್ಯೇಕ ಒಪ್ಪಂದ ಹುಡುಕಿ. ಹಿಂದೂಸ್ಥಾನದ ನಾವಿಕರಿಗೆ ಲಸ್ಕರ್ ಅನ್ನುತ್ತಿದ್ದರು. ಅಲ್ಲಿ ಸಂಬಳ ಕಡಿಮೆ, ಹೆಸರಿನ ಸ್ಪೆಲಿಂಗ್ ದೇವರಿಗೇ ಪ್ರೀತಿ. ಆದರೆ ಹುದ್ದೆಗಳ ಹೆಸರು ನೋಡಿ. ಲಸ್ಕರರ ಮುಖಂಡ ಸೆರಾಂಗ್, ಅವನ ಕೆಳಗಿನವನು ಟಿಂಡಲ್. ನಮ್ಮ ಕರಾವಳಿಯಲ್ಲಿ ಮೀನಿನ ಬೋಟು ನಡೆಸುವವನನ್ನು ಇವತ್ತಿಗೂ ತಾಂಡೇಲ ಅಂತ ಕರೆಯುತ್ತೇವೆ. ಚಕ್ರ ಹಿಡಿಯುವವನು ಸೀಕನ್ನಿ. ಜೋರಾಗಿ ಓದಿ ನೋಡಿ, ನಮ್ಮ ಚುಕ್ಕಾಣಿಯ ನೆಂಟ ಅಂತ ಗೊತ್ತಾಗುತ್ತದೆ.

ಬಂತು, ಹೋಯಿತು

ಉಳಿದ ದಿನಗಳನ್ನು ತುಂಬುವುದು ಪತ್ರಿಕೆ. ಆ ಕಾಲದ ಬಂದರು ಊರಿನ ಪತ್ರಿಕೆಯಲ್ಲಿ ಹಡಗು ಬಂದದ್ದು ಹೋದದ್ದಕ್ಕೆ ಒಂದು ಅಂಕಣ ಇದ್ದೇ ಇರುತ್ತಿತ್ತು. ವೇಲ್ಸ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಪತ್ರಿಕೆಗಳು ಉಚಿತ. ಇಂಗ್ಲೆಂಡಿನವು ಹೆಚ್ಚಾಗಿ ದುಡ್ಡಿಗೆ. ಹಡಗು ಸುದ್ದಿಗೇ ಮೀಸಲಾದ ಲಾಯ್ಡ್ಸ್ ಲಿಸ್ಟ್ ಪತ್ರಿಕೆ ಸಿಕ್ಕರೆ ಇನ್ನೂ ಸರಿ. ನೋಟ್‌ಬುಕ್ಕಿನಲ್ಲಿ ನಾಲ್ಕೇ ಕಾಲಮ್ ಸಾಕು: ದಿನಾಂಕ, ಊರು, ಬಂತೋ ಹೋಯಿತೋ, ಸರಕು. ಎರಡು ಊರಿನ ನಡುವಿನ ದೂರವನ್ನು ಗಂಟೆಯಿಂದ ಭಾಗಿಸಿ. ವೇಗ ಹನ್ನೆರಡು ನಾಟ್, ಅಂದರೆ ಗಂಟೆಗೆ ಹನ್ನೆರಡು ನಾಟಿಕಲ್ ಮೈಲು, ಅದಕ್ಕಿಂತ ಮೇಲೆ ಬಂದರೆ ಎಲ್ಲೋ ಬೇರೆ ಹಡಗು ನುಸುಳಿದೆ.

ಕಾಗದದಲ್ಲಿ ಬಂದದ್ದನ್ನು ಹಾಗೇ ನಂಬದೆ ಪರೀಕ್ಷೆ ಮಾಡುವುದಕ್ಕೆ ಒಂದು ಉದಾಹರಣೆ. ಜಾನ್ ಬೋವ್ಸ್‌ನ ಮೊದಲ ಪ್ರಯಾಣದ ಬಗ್ಗೆ ಎಲ್ಲ ಕಡೆ ಒಂದೇ ಮಾತು. 650 ಟನ್ ಕಲ್ಲಿದ್ದಲನ್ನು 4 ಗಂಟೆಯಲ್ಲಿ ತುಂಬಿತು, 48 ಗಂಟೆಯಲ್ಲಿ ಲಂಡನ್ ಸೇರಿತು, 24 ಗಂಟೆಯಲ್ಲಿ ಇಳಿಸಿತು, ಮತ್ತೆ 48 ಗಂಟೆಯಲ್ಲಿ ಟೈನ್‌ಗೆ ವಾಪಸ್. ಒಟ್ಟು ಐದು ದಿನ. ಎರಡು ಹಾಯಿಹಡಗುಗಳಿಗೆ ಇದೇ ಕೆಲಸಕ್ಕೆ ಒಂದು ತಿಂಗಳಿಗಿಂತ ಹೆಚ್ಚು. ಇದನ್ನು ಹೇಳಿದವನು ಕಟ್ಟಿದ ಚಾರ್ಲ್ಸ್ ಪಾಮರ್, ಅದೂ 1863ರಲ್ಲಿ. ಹೆತ್ತವರಿಗೆ ಹೆಗ್ಗಣ ಮುದ್ದು. ಆದ್ದರಿಂದ ನಾನು ಲೆಕ್ಕ ಹಾಕಿದೆ. ಟೈನ್‌ನಿಂದ ಲಂಡನ್ ಸುಮಾರು 300 ನಾಟಿಕಲ್ ಮೈಲು. 48 ಗಂಟೆಗೆ ಆರು ನಾಟ್ ಚಿಲ್ಲರೆ. ಆಗಬಹುದು. ತುಂಬಲು 4 ಗಂಟೆ? ಟೈನ್ ದಡದ ಎತ್ತರದ ಕಟ್ಟೆಯಿಂದ ವ್ಯಾಗನ್ನಿನ ಕಲ್ಲಿದ್ದಲನ್ನು ನೇರ ಹಡಗಿನೊಳಗೆ ಸುರಿಯುತ್ತಿದ್ದರು. ಅದೂ ಆಗಬಹುದು. ಇಳಿಸಲು 24 ಗಂಟೆ ಅಂದಾಗ ನನಗೆ ಅನುಮಾನ. ಲಂಡನ್ನಿನಲ್ಲಿ ಆಗ ಒಂಬತ್ತು ಜನರ ತಂಡ ಬುಟ್ಟಿಯಲ್ಲಿ ಮೇಲೆತ್ತುತ್ತಿತ್ತು. ಹಗ್ಗ ಹಿಡಿದ ನಾಲ್ವರು ಮೆಟ್ಟಿಲು ಹತ್ತಿ ಒಟ್ಟಿಗೆ ಕೆಳಗೆ ಹಾರುವುದು, ಅವರ ಭಾರಕ್ಕೆ ಬುಟ್ಟಿ ಮೇಲೆ ಬರುವುದು. ಹಗಲು ರಾತ್ರಿ ಪಾಳಿ ಹಾಕಿ, ಒಂದಕ್ಕಿಂತ ಹೆಚ್ಚು ತಂಡ ನಿಲ್ಲಿಸಿದರೆ ಮಾತ್ರ ಸಾಧ್ಯ. ಮೊದಲ ಪ್ರಯಾಣಕ್ಕೆ ಹಾಗೆ ನಿಲ್ಲಿಸಿಯೇ ಇರುತ್ತಾರೆ ಬಿಡಿ.

ಐದು ದಿನಕ್ಕೊಂದು ಸುತ್ತು ಅಂದರೆ ವರ್ಷಕ್ಕೆ 73 ಅಂತ ಬರೆದುಬಿಡಬೇಡಿ. ಬಿರುಗಾಳಿ ಇದೆ, ನದಿಯ ಉಬ್ಬರ ಇಳಿತ ಇದೆ, ತುಂಬುವ ಕಟ್ಟೆಯಲ್ಲಿ ಸರದಿ ಇದೆ. ಕಬ್ಬಿಣದ ತಳಕ್ಕೆ ಪಾಚಿ, ಚಿಪ್ಪು ಹತ್ತುವುದು ಬೇರೆ. ಮರದ ಹಡಗಿಗೆ ತಾಮ್ರದ ತಗಡು ಹೊಡೆಯಬಹುದಿತ್ತು. ಕಬ್ಬಿಣಕ್ಕೆ ತಾಮ್ರ ತಾಗಿಸಿದರೆ ಉಪ್ಪುನೀರಿನಲ್ಲಿ ಕಬ್ಬಿಣವೇ ಕರಗುತ್ತದೆ. ಆದ್ದರಿಂದ ಆಗಾಗ ಡ್ರೈ ಡಾಕಿಗೆ ಹತ್ತಿಸಿ ಕೆರೆಯಲೇಬೇಕು.

ವಾಪಸ್ ಪ್ರಯಾಣವನ್ನೂ ಕಾಲಮ್ಮಿನಲ್ಲಿ ಖಾಲಿ ಬಿಡಬೇಡಿ. ಲಂಡನ್ನಿನಿಂದ ಬರುವಾಗ ಸರಕು ಇಲ್ಲ. ಹಾಯಿಹಡಗುಗಳು ಜಲ್ಲಿ, ಸುಣ್ಣದ ಮಣ್ಣು ತುಂಬಿಕೊಂಡು ಬಂದು ಟೈನ್ ದಡದಲ್ಲಿ ದುಡ್ಡು ಕೊಟ್ಟು ಸುರಿಯುತ್ತಿದ್ದವು. ಅದರಿಂದಲೇ ಅಲ್ಲಿ ಗುಡ್ಡಗಳು ಎದ್ದವು. ಸ್ಟೀಮರುಗಳು ಮಣ್ಣಿನ ಬದಲು ಸಮುದ್ರದ ನೀರನ್ನೇ ಟ್ಯಾಂಕಿಗೆ ತುಂಬಿಕೊಂಡು, ಬಂದರು ಹತ್ತಿರ ಪಂಪ್ ಮಾಡಿ ಚೆಲ್ಲುವುದನ್ನು ಕಲಿತವು. ನೀರಿಗೆ ಕಾಸಿಲ್ಲ, ಇಳಿಸಲು ಕೂಲಿ ಇಲ್ಲ, ದಿನ ಉಳಿಯಿತು. ನಾನು ಓಡಿಸಿದ ಹಡಗುಗಳಲ್ಲೂ ರಾತ್ರಿ ಎರಡು ಗಂಟೆಗೆ ಎದ್ದು ಮಾಡಿದ ಕೆಲಸ ಇದೇ.

ಕೊನೆಗೆ ಅಪಘಾತ. ಹಡಗು ಮುಳುಗಿದ್ದರೆ, ಡಿಕ್ಕಿ ಹೊಡೆದಿದ್ದರೆ ಬ್ರಿಟಿಷ್ ಸರ್ಕಾರದ ವ್ಯಾಪಾರ ಇಲಾಖೆಯಾದ ಬೋರ್ಡ್ ಆಫ್ ಟ್ರೇಡ್‌ನ ವಿಚಾರಣಾ ವರದಿ ಹುಡುಕಿ. 1876ರಿಂದ ಮುಂದಿನವು ಒಳ್ಳೆಯದಾಗಿ ಸಿಗುತ್ತವೆ. ಅದೇ ವರ್ಷ ಸಂಸದ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಜಗಳವಾಡಿ ತರಿಸಿದ ಕಾಯ್ದೆಯಿಂದ ಹಡಗಿನ ಪಕ್ಕೆಗೆ ಭಾರದ ಗೆರೆ ಬಂತು. ಆದರೆ ಗೆರೆಯನ್ನು ಎಲ್ಲಿ ಎಳೆಯಬೇಕು ಅನ್ನೋದನ್ನು 1890ರವರೆಗೆ ಮಾಲೀಕನಿಗೇ ಬಿಟ್ಟಿದ್ದರು! ವರದಿಯಲ್ಲಿ "ಗೆರೆಯ ಮಟ್ಟಕ್ಕೆ ಸರಿಯಾಗಿ ತುಂಬಿತ್ತು" ಅಂತ ಓದಿದರೆ ವರ್ಷ ನೋಡಿ ನಂಬಿ.

ಜಾನ್ ಬೋವ್ಸ್‌ನ ನೋಟ್‌ಬುಕ್ಕಿನಲ್ಲಿ ನನಗೆ ಇನ್ನೂ ದೊಡ್ಡ ದೊಡ್ಡ ತೂತುಗಳಿವೆ. 1875ರ ಎರಡೂ ಅರ್ಧವರ್ಷದ ಪಟ್ಟಿಗೆ ಹೋದ ವಾರ ಗ್ರೀನಿಚ್‌ಗೆ ಬರೆದು ಹಾಕಿದ್ದೇನೆ. ನಂಬರ್ ಎರಡು ಸಲ ಬರೆದಿದ್ದೇನೆ.